ಬೆಳ್ಳಕ್ಕಿಯ ಅರ್ಧ ಕಥೆ

ಪಾಯಕುಂಬುಹ್
ಗುರುವಾರ

ಅಳಿಯಂದಿರಾದ ಸುತಾನ್ ಮಾರಾಜೊ ಅವರಿಗೆ ಅತ್ತೆ ಶಮ್ಸಿದಾರ್ ಮಾಡುವ ಸಲಾಮು.

ಅಳಿಯನಿಗೆ ಅತ್ತೆ ಏನನ್ನೂ ನೇರವಾಗಿ ಹೇಳಬಾರದು, ಸುತ್ತಿ ಬಳಸಿ ಯಾವುದಾದರೂ ಕಥೆಯ ನೆಪದಲ್ಲಿ ಸೂಚಿಸಬೇಕು ಎನ್ನುವುದು ನಮ್ಮವರ ಪದ್ಧತಿ. ಇಷ್ಟು ವರ್ಷ ಹಾಗೇ ಮಾತಾಡಿದವಳು ಇವತ್ತು ನೇರವಾಗಿ ಬರೆಯುತ್ತಿದ್ದೇನೆ.

ಭಾನುವಾರ ನನ್ನ ತಮ್ಮ ಜುಲ್ಬಹ್ರಿ ಹಿರಿಯರನ್ನು ಕರೆದಿದ್ದಾನೆ. ಅಷ್ಟರೊಳಗೆ ನೀವು ನಮ್ಮ ಮೆಟ್ಟಿಲು ಹತ್ತದಿದ್ದರೆ ಮಗಳು ರೊಸ್ನೆಲಿಯಿಂದ ತಲಾಖಿಗೆ ಅರ್ಜಿ ಹಾಕಿಸುತ್ತಾರಂತೆ. ಅವಳು ಬೇಡವೆಂದು ಅತ್ತರೂ ಅವನು ಕೇಳುತ್ತಿಲ್ಲ. ಅವಳ ಫೋನನ್ನು ನೀವು ಎತ್ತುತ್ತಿಲ್ಲ.

ನೀವು ಮನೆ ಬಿಡುವ ಹಿಂದಿನ ರಾತ್ರಿಯ ಊಟ ನೆನಪಿಸಿಕೊಳ್ಳಿ. ನಾನು ಮಾಂಸದ ರೆಂದಾಂಗ್ ಬಡಿಸುತ್ತಿದ್ದೆ. ಜುಲ್ಬಹ್ರಿ ನಿಮ್ಮೆದುರೇ, "ತಮ್ಮ ಅಂಗಡಿ ಮುಚ್ಚಿಹೋದ್ಮೇಲೆ ಅಳಿಯಂದ್ರು ಹೆಂಡ್ತಿ ಮನೇಲೇ ಆರಾಮಾಗಿದಾರೆ" ಎಂದು ಕೊಂಕು ತೆಗೆದ. ನನಗೆ ಮೈಯೆಲ್ಲ ಉರಿಯಿತು. "ಎಮ್ಮೆ ಮೇಲೆ ಬೆಳ್ಳಕ್ಕಿ ಕೂತ್ರೆ ನಿನಗೇನೋ ಭಾರ?" ಎಂದೆ. ಅವನು ತಲೆ ತಗ್ಗಿಸಿದ. ನೀವು ಕೈ ತೊಳೆದು ಎದ್ದಿರಿ. ಬೆಳಗಾಗುವಷ್ಟರಲ್ಲಿ ಮೆಡಾನಿನ ಬಸ್ಸು ಹತ್ತಿಬಿಟ್ಟಿದ್ದಿರಿ.

ಮೆಡಾನಿನಲ್ಲಿ ಬೆಳೆದವರು ನೀವು. ಎಮ್ಮೆಯ ಬೆನ್ನೇರಿ ಪುಕ್ಕಟೆ ತಿಂದು ಹಾರಿಹೋಗುವ ಬೆಳ್ಳಕ್ಕಿ, ಅಷ್ಟೇ ಕಥೆ ಎಂದು ನೀವು ಹಿಂದೊಮ್ಮೆ ರೊಸ್ನೆಲಿಗೆ ಹೇಳಿದ್ದಿರಂತೆ. ಮೊನ್ನೆ ಅವಳ ಬಾಯಿಂದ ಅದನ್ನು ಕೇಳಿದಾಗ ನನ್ನ ಜೀವವೇ ಬಾಯಿಗೆ ಬಂತು. ನಮ್ಮೂರಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನೆರೆಯವರ ಕುಹಕಕ್ಕೆ ನೊಂದು ಬೆಳ್ಳಕ್ಕಿ ಹಾರಿಹೋಗುತ್ತದೆ. ಎಮ್ಮೆ ಮೇವು ಮುಟ್ಟದೆ ಗದ್ದೆಯ ಬದುವಿನಲ್ಲಿ ನಿಂತುಬಿಡುತ್ತದೆ, ಬೆಳ್ಳಕ್ಕಿ ಮರಳಿ ಬರುವ ತನಕ. ಇಲ್ಲಿ ಬೆಳ್ಳಕ್ಕಿ ಎಂದರೆ ಮನೆಗೆ ಬೇಕಾದವನು. ಜುಲ್ಬಹ್ರಿ ಬಾಯಿ ಮುಚ್ಚಿದ್ದು ಅದಕ್ಕೇ.

ನಾನು ನಿಮ್ಮ ಪರವಾಗಿ ಆಡಿದ ಮಾತು ನಿಮ್ಮನ್ನೇ ಹೊರಗಟ್ಟಿತು. ಒಂದೇ ಕಥೆ ಕೇಳಿ ಬೆಳೆದವರ ನಡುವೆ ಮಾತ್ರ ಇಂಥ ಮಾತು ನಡೆಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆದರೆ ನಿಮಗೂ ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿಯನ್ನಾದರೂ ಒಂದು ಮಾತು ಕೇಳಬಹುದಿತ್ತು.

ಅವಳನ್ನು ಕೈಬಿಡಬೇಡಿ.

ನಿಮ್ಮ ಅತ್ತೆ,
ಶಮ್ಸಿದಾರ್

ಮತ್ತೆ ಬರೆದದ್ದು: ಅಂಚೆಗೆ ಹಾಕಲು ಹೊರಟವಳು, ಭಾನುವಾರದೊಳಗೆ ತಲುಪದೇನೋ ಎಂಬ ಭಯಕ್ಕೆ ನಾನೇ ಬಸ್ಸು ಹತ್ತಿದೆ. ಮೆಡಾನಿನಲ್ಲಿ, ನೀವು ಇಳಿದುಕೊಂಡಿರುವ ನಿಮ್ಮ ಅಕ್ಕನ ಮನೆಯೆದುರಿನ ಕಾಫಿ ಅಂಗಡಿಯಲ್ಲಿ ಕೂತಿದ್ದೇನೆ. ಬೀಗರ ಮನೆಗೆ ಕರೆಯದೆ ಹೋಗುವ ಹಾಗಿಲ್ಲವಲ್ಲ, ಅದಕ್ಕೇ ಇದನ್ನು ಅಂಗಡಿಯವನ ಕೈಲಿ ಕಳಿಸುತ್ತಿದ್ದೇನೆ. ಸಂಜೆಯ ಬಸ್ಸಿಗೆ ಎರಡು ಟಿಕೆಟ್ ತೆಗೆದಿದ್ದೇನೆ. ಬನ್ನಿ, ಮನೆಗೆ ಹೋಗೋಣ.