ಕೊಡಲಿ ಒರಗಿಸುವ ಸಂಜೆ

ಪಾಂಡವಪುರ
೧೬ ನವೆಂಬರ್ ೨೦೨೪, ಶನಿವಾರ

ಚಿರಂಜೀವಿ ತಮ್ಮ ಮೌನೇಶನಿಗೆ,

ನಿನ್ನ ಅಕ್ಕ ಯಶೋಧಳ ಆಶೀರ್ವಾದಗಳು. ನಾನೂ ನಿಮ್ಮ ಭಾವನೂ ಇಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಲತ, ಮಕ್ಕಳು, ನಿನ್ನ ಸಾಮಿಲ್ಲಿನ ಆಳುಗಳು ಎಲ್ಲರೂ ಸುಖವಾಗಿದ್ದಾರೆಂದು ನಂಬಿದ್ದೇನೆ. ದೀಪಾವಳಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಬರೆಯುತ್ತೇನೆ ಎಂದುಕೊಂಡು ಬರೆಯಲೂ ಇಲ್ಲ. ಬೈದುಕೊಳ್ಳಬೇಡ. ಫೋನಿಗೇನು ಬರ ಬಂದಿತ್ತೇ ಎಂದು ಕೇಳುತ್ತೀಯ. ಫೋನಿನಲ್ಲಿ ನಮ್ಮಿಬ್ಬರಿಗೂ ಎರಡನೇ ಮಾತಿಗೇ ದನಿ ಏರುತ್ತದೆ, ಆಮೇಲೆ ಯಾರೋ ಒಬ್ಬರು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ. ಬಸ್ ಸ್ಟಾಂಡಿನಲ್ಲಿ ಹೂ ಮಾರುವ ಇಂದ್ರಮ್ಮ ನಾಳೆ ಬೆಳಗ್ಗೆ ಕೆ.ಆರ್. ಪೇಟೆಗೆ ಬರುವವಳಿದ್ದಾಳೆ. ಅವಳ ಕೈಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಅವಳಿಗೆ ಒಂದು ಲೋಟ ಕಾಫಿ ಕೊಡಿಸು.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಸಿಂಧಘಟ್ಟದ ದಾರಿಯ ಸಾಲುಮರಗಳನ್ನು ಸೋಮವಾರದಿಂದ ಕಡಿಯುತ್ತಾರೆ. ಕಡಿಯುವ ಕೆಲಸ ಹಿಡಿದಿರುವವನು ನೀನು. ಆ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವ ಗೋಣಿಮರದ ಮೇಲೆ ಕೂರುವವಳು ನಾನು. ಬುಧವಾರ ನಮ್ಮ ಅರ್ಜಿ ಕೋರ್ಟಿನಲ್ಲಿ ವಿಚಾರಣೆಗೆ ಬರುತ್ತದೆ. ಅಲ್ಲಿಯ ತನಕ ಮರ ನಿಂತಿರಬೇಕು, ಅಷ್ಟೇ ನಮ್ಮ ಬೇಡಿಕೆ. ಬಿದ್ದುಹೋದ ಮರವನ್ನು ಯಾವ ನ್ಯಾಯಾಧೀಶರೂ ಎತ್ತಿ ನಿಲ್ಲಿಸಲಾರರು.

ಈ ವಯಸ್ಸಿನಲ್ಲಿ ಮರ ಹತ್ತುವುದೇ ಎಂದು ನೀನು ನಗಬಹುದು. ನಗು. ಇಲ್ಲಿ ಊರೆಲ್ಲ ನಕ್ಕಾಗಿದೆ. ನಾವೂ ಸೀದಾ ಮರಕ್ಕೆ ಹೋಗಲಿಲ್ಲ ಕಣೋ. ನಾಗಮಂಗಲದಲ್ಲಿ ಪಾಠ ಹೇಳುವ ಸಿದ್ದಾರ್ಥ ಎಂಬ ಮೇಷ್ಟ್ರು, ಶ್ರೀರಂಗಪಟ್ಟಣದ ಕಾಲೇಜು ಹುಡುಗಿಯರು, ಇಂದ್ರಮ್ಮ, ನಾನು, ಎಲ್ಲ ಸೇರಿ ಮೊದಲು ರಸ್ತೆ ಇಲಾಖೆಗೆ ಮನವಿ ಕೊಟ್ಟೆವು. ತೆಗೆದುಕೊಂಡವರು ನೋಡೋಣ ಅಂದರು. ಅವರು ನೋಡಿದ್ದು ಮರಗಳಿಗೆ ಬಿಳಿ ಪಟ್ಟೆ ಬಳಿದು ನಂಬರು ಬರೆಯುವಾಗ. ಅದಾದ ಮೇಲೆ ಸಿದ್ದಾರ್ಥ ಮೈಸೂರಿನಿಂದ ರಘುನಂದನ್ ಎಂಬಾತನನ್ನು ಕರೆತಂದರು. ಬಂಡೆ ಹತ್ತುವುದು, ಹಗ್ಗದಲ್ಲಿ ಇಳಿಯುವುದು ಆತನ ಕಸುಬು. ಭಾನುವಾರ ಬಂತೆಂದರೆ ನಮಗೆ ಕುಂತಿಬೆಟ್ಟದಲ್ಲಿ ಪಾಠ.

ಮೊದಲ ದಿನ ಆತ ಬೂಟು ಬಿಗಿಯಾಗಿ ಕಟ್ಟಿಕೊಳ್ಳಿ ಎಂದು ಹೇಳಿ ಆ ಕಡೆ ತಿರುಗಿ ಹಗ್ಗ ಬಿಚ್ಚುತ್ತಿದ್ದ. ಈ ಕಡೆ ತಿರುಗುವಷ್ಟರಲ್ಲಿ ನಾವು ಹೆಂಗಸರು ಕಾಲು ಬರಿದು ಮಾಡಿಕೊಂಡು ಬಂಡೆಗೆ ಕೈಮುಗಿದು ನಿಂತಿದ್ದೆವು. ಇಂದ್ರಮ್ಮ ಹೆಲ್ಮೆಟ್ಟಿಗೆಲ್ಲ ಕುಂಕುಮ ಇಟ್ಟಾಗಿತ್ತು. ಆತ ತನ್ನ ಹೆಲ್ಮೆಟ್ಟನ್ನೂ ಮುಂದೆ ಹಿಡಿದ. ಆಗಲೇ ಈ ಹುಡುಗನನ್ನು ನಂಬಬಹುದು ಅನ್ನಿಸಿತು.

ಇನ್ನೊಂದು ದಿನದ್ದು ಕೇಳು. ಕೆಳಗಿನವರು ಕೂಗಿದ ಕೂಡಲೇ ಮೇಲಿರುವವರು ಓ ಎನ್ನಬೇಕು, ಓ ಎಂದಮೇಲೇ ಹಗ್ಗ ಸಡಿಲ ಬಿಡುವುದು. ಇದು ಆತನ ಕಟ್ಟುನಿಟ್ಟಿನ ನಿಯಮ. ಇಂದ್ರಮ್ಮ ಬಂಡೆಯ ತುದಿಯಲ್ಲಿದ್ದಳು, ಹೊತ್ತು ಮುಳುಗುತ್ತಿತ್ತು. ರಘುನಂದನ್ ಕೂಗಿದ, ಸದ್ದಿಲ್ಲ. ಇನ್ನೊಮ್ಮೆ ಕೂಗಿದ, ಆಗಲೂ ಇಲ್ಲ. ಪಾಪ, ಪ್ರಜ್ಞೆ ತಪ್ಪಿತೇನೋ ಎಂದು ಹೆದರಿ ಹೆಸರು ಹಿಡಿದು ಅರಚಿದಾಗ ಮಹಾರಾಯಿತಿ ತಣ್ಣಗೆ ಓ ಅಂದಳು. ಇಳಿದ ಮೇಲೆ ಆತ ಕಾರಣ ಕೇಳಿದರೆ, "ಮುಚ್ಚಂಜೆ ಒತ್ನಲ್ಲಿ ಮೊದುಲ್ನೇ ಕೂಗ್ಗೆ ಓ ಅಂದ್ರೆ ದೆವ್ವ ಇಡ್ಕಂಡೋಯ್ತದೆ ಸಾ. ಎಸ್ರಿಡಿದು ಮೂರ್ ಸಲ ಕೂಗಿದ್ರೇನೇ ಮನ್ಸ," ಅಂದಳು. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಹೆಸರು ಹಿಡಿದು ಮೂರು ಸಲ ಕೂಗುವುದೇ ನಿಯಮವಾಗಿದೆ.

ನಿಮ್ಮ ಭಾವನ ಕಥೆ ಬೇರೆ. ನನ್ನನ್ನು ಮನೆಗೆ ಎಳೆದುಕೊಂಡು ಹೋಗಬೇಕೆಂದೇ ಅವರು ಒಂದು ಭಾನುವಾರ ಚಿನ್ನದಂಗಡಿ ಮುಚ್ಚಿ ಬೆಟ್ಟಕ್ಕೆ ಬಂದರು. ನಾನು ಬಂಡೆಯ ಅರ್ಧದಲ್ಲಿ ನೇತಾಡುತ್ತಿದ್ದೆ. ಕೆಳಗೆ ಹಗ್ಗ ಹಿಡಿಯಲು ಒಬ್ಬರು ಕಡಿಮೆಯಿದ್ದರು. ರಘುನಂದನ್ ಇವರ ಕೈಗೇ ಕೊಟ್ಟ. "ಗುಂಜಿ ತೂಗೋ ಕೈಗೆ ಇಷ್ಟ್ ದೊಡ್ ತೂಕ ಕೊಟ್ರಲ್ಲಪ್ಪ," ಅಂದರಂತೆ. ಆದರೆ ನಾನು ನೆಲ ಮುಟ್ಟುವ ತನಕ ಕಣ್ಣು ಕದಲಿಸಲಿಲ್ಲ. ಈಗ ಪ್ರತಿ ಭಾನುವಾರ ನನ್ನ ಹಗ್ಗ ಅವರದ್ದೇ. ಮರದ ವಿಷಯದಲ್ಲಿ ನಾನು ಯಾವ ಪಕ್ಷವೂ ಅಲ್ಲ ಎನ್ನುತ್ತಾರೆ. ಹಗ್ಗ ಬಿಡುವುದಿಲ್ಲ.

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಸಲ ಕಾಲು ನೆಲ ಬಿಟ್ಟಾಗ ಕಣ್ಣು ಮುಚ್ಚಿ ಬಂಡೆಯನ್ನೇ ತಬ್ಬಿಕೊಂಡೆ. ಸೊಂಟದ ಪಟ್ಟಿ ಕಚ್ಚಿದ ಕಡೆಯೆಲ್ಲ ಇನ್ನೂ ನೀಲಿಗಟ್ಟಿದೆ. ಮಂಡಿಗೆ ರಾತ್ರಿಯೆಲ್ಲ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಆದರೂ ಕಲಿತೆ. ಈಗ ಹಗ್ಗದ ಮೇಲೆ ಊಟ ಮಾಡಬಲ್ಲೆ, ತೂಕಡಿಸಬಲ್ಲೆ. ಕೊಂಬೆಗೆ ಕಟ್ಟಿದ ಹಲಗೆಯ ಮೇಲೆ ಮೂರು ದಿನ ಕೂರುವುದು ನನಗೇನೂ ದೊಡ್ಡದಲ್ಲ.

ನಿನ್ನ ಮನಸ್ಸಿನಲ್ಲಿರುವುದು ನನಗೆ ಗೊತ್ತು. ಬಡಗಿ ಮನೆ ಮಗಳು ಮರ ಉಳಿಸುವುದಕ್ಕೆ ಹೊರಟಿದ್ದಾಳೆ, ಇವಳು ತಿಂದು ಬೆಳೆದ ಅನ್ನ ಯಾವುದು ಎಂದು. ಇದನ್ನು ಇಲ್ಲಿಯೂ ಆಡಿದವರಿದ್ದಾರೆ. ಮರ ಕಡಿಯಬಾರದು ಎಂದು ನಾನು ಯಾವತ್ತಾದರೂ ಹೇಳಿದ್ದೇನೆಯೇ? ಹೊನ್ನೆ ಕಡಿದರೆ ಬಾಗಿಲಾಗುತ್ತದೆ. ಹಲಸು ಕಡಿದರೆ ಮಣೆಯಾಗುತ್ತದೆ. ಗೋಣಿಮರದಲ್ಲಿ ಏನು ಬರುತ್ತದೆ ಹೇಳು. ಒಂದು ಬಾಗಿಲ ಪಟ್ಟಿಯೂ ಬಾರದು. ಸೀದಾ ಇಟ್ಟಿಗೆ ಗೂಡಿನ ಬೆಂಕಿಗೆ. ರಸ್ತೆ ಅಗಲವಾಗಬೇಕು, ಒಪ್ಪುತ್ತೇನೆ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ಒಂದರ ಹಿಂದೊಂದು ನಿಲ್ಲುವುದನ್ನು ನಾನೂ ಮೇಲಿನಿಂದ ನೋಡಿದ್ದೇನೆ. ಆದರೆ ಆ ಬದಿಗೆ ಖಾಲಿ ಜಾಗ ಬಿದ್ದಿದೆ, ರಸ್ತೆ ಅತ್ತ ಸರಿದರೆ ಸಾಕು. ನಮ್ಮ ಅರ್ಜಿಯಲ್ಲಿ ಇರುವುದೂ ಇಷ್ಟೇ.

ನಿನ್ನ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಬೇಕೆಂದು ನನಗೆ ಆಸೆಯಿಲ್ಲ. ಈಗ ಬಾಗಿಲುಗಳೆಲ್ಲ ಫ್ಯಾಕ್ಟರಿಯಿಂದ ಬರುತ್ತವೆ, ಸಾಮಿಲ್ಲಿಗೆ ಕೆಲಸವಿಲ್ಲ, ಕೈ ಕಟ್ಟಿ ಕೂತ ಆಳುಗಳ ಮುಖ ನೋಡಲಾಗುವುದಿಲ್ಲ ಎಂದು ಲತ ಅತ್ತುಕೊಂಡು ಹೇಳಿದಳು. ಹಾಗಾಗಿ ಕೆಲಸ ಬಿಡು ಎಂದು ನಾನು ಕೇಳುವುದಿಲ್ಲ. ಕೇಳುವುದು ಬೇರೆ.

ಅಪ್ಪ ಮರ ಕಡಿಯುವ ಹಿಂದಿನ ಸಂಜೆ ಏನು ಮಾಡುತ್ತಿದ್ದರು ಎಂಬುದು ನಿನಗೆ ನೆನಪಿದೆಯೇ? ತಲೆಗೆ ನೀರು ಹಾಕಿಕೊಂಡು, ಎಲೆ ಅಡಿಕೆ, ಅರಿಶಿನದ ನೀರು, ಒಂದು ಅಚ್ಚು ಬೆಲ್ಲ ತೆಗೆದುಕೊಂಡು ಹೊರಡುತ್ತಿದ್ದರು. ನಾವಿಬ್ಬರೂ ಹಿಂದೆ. ಬೆಲ್ಲ ಬುಡಕ್ಕಿಟ್ಟು, ಕೊಡಲಿಯನ್ನು ಬಾಯಿ ಹೊರಗೆ ಮಾಡಿ ಮರಕ್ಕೆ ಒರಗಿಸಿ, ತಲೆಯೆತ್ತಿ ಕೊಂಬೆ ಕೊಂಬೆಯನ್ನೂ ನೋಡಿ ಮೂರು ಸಲ ಕೂಗುತ್ತಿದ್ದರು. "ಎಸ್ರಿರೋರು, ಎಸ್ರಿಲ್ದೋರು, ರೆಕ್ಕೆ ಇರೋರು, ಕಾಲಿರೋರು, ನಾಳಿಕೆ ಕೊಡ್ಲಿ ಆಕ್ತೀನಿ. ಬ್ಯಾರೆ ತಾವು ನೋಡ್ಕಳಿ. ನನ್ ತಪ್ನ ಒಟ್ಟೆಗಾಕ್ಕಳಿ." ಆಮೇಲೆ ತಿರುಗಿ ನೋಡದೆ ಮನೆಗೆ. ಬೆಳಗ್ಗೆ ಹೋದಾಗ ಗೂಡಿನಲ್ಲಿ ಮರಿ ಇದ್ದರೆ ಕೊಡಲಿ ಹೆಗಲಿಗೇರಿಸಿಕೊಂಡು ವಾಪಸು ಬರುತ್ತಿದ್ದರು.

ಒಮ್ಮೆ ನಮ್ಮೂರ ಸೋಮಮ್ಮನ ಮಾವಿನ ಮರದಲ್ಲಿ ಕಾಗೆ ಮರಿ ಇದ್ದುದಕ್ಕೆ ಅಪ್ಪ ಕಾದರು. ಆಕೆಗೆ ತಾಳ್ಮೆಯಿರಲಿಲ್ಲ. ನಾಗಮಂಗಲದಿಂದ ಬೇರೆಯವರನ್ನು ಕರೆಸಿ ಕಡಿಸಿಬಿಟ್ಟಳು. ನೀನು ಆಗ ಚಡ್ಡಿ ಹಾಕುವ ಹುಡುಗ, ಕೆಲಸ ಹೋಯಿತಲ್ಲ ಎಂದು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಅವರು ನಿನ್ನ ತಲೆ ನೇವರಿಸಿ, "ಓಗ್ಲಿ ಬುಡ್ಲಾ. ನಮ್ಗೆ ಕೆಲ್ಸ ಇನ್ನೊಂದ್ ಸಿಕ್ತದೆ. ಮರೀಗೆ ಮನೆ ಇನ್ನೊಂದ್ ಸಿಕ್ಕಾಕಿಲ್ಲ ಕಣ್ಲಾ," ಅಂದಿದ್ದರು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದೆ.

ನಾನು ಕೇಳುವುದು ಇಷ್ಟೇ. ನಾಳೆ ಸಂಜೆ ಬಾ. ನಿನ್ನ ಹತ್ತಿರ ಈಗ ಕೊಡಲಿ ಇಲ್ಲದಿದ್ದರೆ ಮಿಷನ್ ಗರಗಸವನ್ನೇ ಒರಗಿಸು, ಗೋಣಿಮರ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಲ್ಲ ಇಡು. ಅಪ್ಪನ ಹಾಗೆ ತಲೆಯೆತ್ತಿ ಕೊಂಬೆ ಕೊಂಬೆಯನ್ನೂ ನೋಡಿ ಕೂಗು. ಕುಟುರನ ಹಕ್ಕಿಗಳಿವೆ, ಅಳಿಲುಗಳಿವೆ, ತುದಿಯಲ್ಲಿ ಬಾವಲಿಗಳಿವೆ. ಎಲ್ಲರೂ ಕೇಳಿಸಿಕೊಳ್ಳಲಿ. ಬೇರೆ ಯಾರೋ ಬಂದು ಕಡಿದರೆ ಅವರಿಗೆ ಈ ಪದ್ಧತಿ ಗೊತ್ತಿಲ್ಲ ಎಂದು ಬಿಡಬಹುದು. ನಿನಗೆ ಗೊತ್ತು. ಗೊತ್ತಿದ್ದೂ ಕೂಗದೆ ಗರಗಸ ಇಟ್ಟರೆ ಅದು ನಮ್ಮ ಮನೆಯ ಕೆಲಸವಲ್ಲ.

ನಾನು ನಾಳೆ ಮಧ್ಯಾಹ್ನವೇ ಹತ್ತುತ್ತೇನೆ. ನಿಮ್ಮ ಭಾವ ಬುಡದಲ್ಲಿರುತ್ತಾರೆ, ರಘುನಂದನ್ ಇರುತ್ತಾನೆ, ಎಲ್ಲ ಜಾಗ್ರತೆ ಮಾಡಿದ್ದೇವೆ. ಪೊಲೀಸಿನವರು ಬಂದರೆ ಬರಲಿ. ಬುಧವಾರ ಕೋರ್ಟಿನಿಂದ ಸುದ್ದಿ ಬರುವ ತನಕ ನಾನು ಇಳಿಯುವುದಿಲ್ಲ. ಕೋರ್ಟು ಕಡಿಯಿರಿ ಎಂದರೆ ಇಳಿಯುತ್ತೇನೆ, ಅವತ್ತು ಎಲ್ಲರಿಗಿಂತ ಮೊದಲು ಅಳುವವಳೂ ನಾನೇ. ಅದಕ್ಕೆ ಮುಂಚೆ ಯಾರು ಹೇಳಿದರೂ ಇಲ್ಲ, ನೀನು ಕಾಲಿಗೆ ಬಿದ್ದರೂ ಇಲ್ಲ.

ಮಂಡಿನೋವು, ಹಟ ಎರಡೂ ನನಗೆ ಅಮ್ಮನಿಂದ ಬಂದದ್ದು. ನಿನಗೆ ಅಪ್ಪನ ಕೈ ಬಂದಿದೆ. ಆ ಕೈಗೆ ಎಂದೂ ಕೆಲಸ ತಪ್ಪದಿರಲಿ, ಒಂದು ಬೆರಳಿಗೂ ಗಾಯವಾಗದಿರಲಿ. ಮಕ್ಕಳಿಗೆ ಮುತ್ತು. ಲತಳಿಗೆ ಅಳಬೇಡ ಎಂದು ಹೇಳು, ಅವಳ ಮೇಲೆ ನನಗೆ ಯಾವ ಬೇಸರವೂ ಇಲ್ಲ.

ಇಂತಿ ನಿನ್ನ ಅಕ್ಕ,
ಯಶೋಧ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡೇ ಕಾಗದ ಮಡಿಸಿದ್ದೆ. ಮತ್ತೆ ಬಿಚ್ಚಿದೆ.

ಕಳೆದ ಮಂಗಳವಾರ ರಸ್ತೆ ಇಲಾಖೆಯ ಸಾಹೇಬರ ಜೊತೆ ಮರ ನೋಡಲು ನೀನು ಬಂದೆಯಲ್ಲ, ಆಗ ನಾನು ಅದೇ ಗೋಣಿಮರದಲ್ಲಿ ಹಗ್ಗದ ಅಭ್ಯಾಸ ಮಾಡುತ್ತಿದ್ದೆ. ಮರದ ಮೇಲೆ ಕೂತವರಿಗೆ ಬುಡದಲ್ಲಿ ಆಡಿದ ಮಾತು ಮಗ್ಗುಲಲ್ಲೇ ಆಡಿದಂತೆ ಕೇಳಿಸುತ್ತದೆ. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಮೇಲಿರುವ ಹೆಂಗಸು ಯಾರು ಎಂದು ಸಾಹೇಬರು ಕೇಳಿದರು. ನೀನು ತಲೆಯೆತ್ತಿ ನೋಡಿದೆ. ನೋಡಿ, "ಯಾರೋ ಏನೋ, ನಂಗೊತ್ತಿಲ್ಲ ಸಾ," ಅಂದೆ.

ಹೆಲ್ಮೆಟ್ಟು ಇತ್ತು, ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ನಿಮ್ಮ ಜೀಪು ಹಿಂದಕ್ಕೆ ಬರುವಾಗ ನೀನು ಓಡಿಹೋಗಿ, ಚಕ್ರಕ್ಕೆ ಸಿಕ್ಕುವಂತೆ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಎತ್ತಿ ಬುಡಕ್ಕೆ ಜೋಡಿಸಿಟ್ಟೆ. ಕಳೆದ ವರ್ಷ ಗೌರಿ ಹಬ್ಬದ ಬಾಗಿನದ ಜೊತೆ ನೀನೇ ತಂದುಕೊಟ್ಟ ಚಪ್ಪಲಿ ಅವು. ಅಪ್ಪ ರಸ್ತೆ ಬದಿಯಲ್ಲಿ ಗಾಡಿಚಕ್ರ ಮಾಡುತ್ತಿದ್ದಾಗ, ಅಮ್ಮ ಕೂಲಿಗೆ ಹೋಗಿದ್ದಾಗ, ಇದೇ ಗೋಣಿಮರದ ಕೊಂಬೆಗೆ ಸೀರೆ ಜೋಲಿ ಕಟ್ಟಿ ನಿನ್ನನ್ನು ಮಲಗಿಸಿ ತೂಗಿದವಳು ನಾನು. ಕೈ ನನ್ನನ್ನು ಗುರುತು ಹಿಡಿಯಿತು, ಬಾಯಿ ಹಿಡಿಯಲಿಲ್ಲ. ಅಷ್ಟು ಎತ್ತರದಲ್ಲಿ ನೇತಾಡುತ್ತಾ ಅತ್ತೆ ಕಣೋ. ಕಣ್ಣೊರೆಸಿಕೊಳ್ಳಲು ಹಗ್ಗ ಬಿಡುವಂತಿರಲಿಲ್ಲ.

ನಾಳೆ ಸಂಜೆ ಕೂಗುವಾಗ ಹೆಸರಿಲ್ಲದವರ ಜೊತೆ ನನ್ನನ್ನು ಸೇರಿಸಬೇಡ. ಯಶೋಧಕ್ಕ ಎಂದು ಹೆಸರು ಹಿಡಿದು ಕೂಗು, ಸಾಹೇಬರು ಅಲ್ಲೇ ಇದ್ದರೂ ಸರಿ. ಮುಚ್ಚಂಜೆ ಹೊತ್ತು, ಮೊದಲನೇ ಕೂಗಿಗೆ ಓ ಎನ್ನುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಕೂಗು. ಇಳಿಯುವುದಿಲ್ಲ, ಆದರೆ ಓ ಎನ್ನುತ್ತೇನೆ.