ಎಂಟು ಗಂಟೆಯ ಉಪವಾಸ

ಹೊಸಬಂದರು, ಗ್ರೀನ್‌ಲ್ಯಾಂಡಿನ ಪಶ್ಚಿಮ ತೀರ
ಕ್ರಿ.ಶ. ೨೨೧೪, ಎರಡನೆಯ ವೈಶಾಖದ ಮೂವತ್ತಮೂರನೆಯ ದಿನ

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ಅಕ್ಕಣಿಯ ನಮಸ್ಕಾರ.

ಮೇಲಿನ ತಾರೀಖನ್ನು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಋತುಗಳು ಪಂಚಾಂಗದ ಮಾತು ಕೇಳುವುದನ್ನು ನಿಲ್ಲಿಸಿದ ಮೇಲೆ ನಾವು ಕೆಲವು ತಿಂಗಳುಗಳನ್ನು ಹಿಗ್ಗಿಸಿದೆವು, ಕೆಲವನ್ನು ಎರಡು ಬಾರಿ ಇಟ್ಟುಕೊಂಡೆವು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಒರಟಾಗಿ ಕಾಣಬಹುದು, ಕ್ಷಮಿಸಿ. ನೂರೈವತ್ತು ವರ್ಷ ಮೀನಿನ ವಾಸನೆಯಲ್ಲಿ ಬೆಳೆದ ಭಾಷೆ ಇದು. ಸಮುದ್ರ ಬಿಸಿಯಾಗಿ ಬಂಗುಡೆಯ ದಾಯಾದಿ ಮೀನುಗಳು ಉತ್ತರಕ್ಕೆ ಓಡಿದಾಗ ಅವುಗಳ ಹಿಂದೆಯೇ ಕುಂದಾಪುರ ಸೀಮೆಯ ನಮ್ಮವರೂ ಇಲ್ಲಿಗೆ ಬಂದರು. ಇಲ್ಲಿಯ ಇನ್ಯೂಟ್ ಜನ ಜಾಗ ಕೊಟ್ಟರು, ಮಂಜಿನ ಮೇಲೆ ನಡೆಯುವುದನ್ನು ಕಲಿಸಿದರು, ಆಮೇಲೆ ಹೆಣ್ಣು ಗಂಡು ಕೊಟ್ಟು ತಂದರು. ನಾನು ನಲವತ್ತು ವರ್ಷ ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಿ, ಈಗ ಹಳೆಯ ಕಾಗದಪತ್ರಗಳ ಮನೆಯನ್ನು ನೋಡಿಕೊಳ್ಳುತ್ತಿದ್ದೇನೆ. ಹಿಮ್ಮೊಗ ಅಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಅದನ್ನು ಇಂದು ಬೆಳಗ್ಗೆ ಬರೆಯುತ್ತಿದ್ದೇನೆ. ಮಧ್ಯಾಹ್ನ ವಿಚಾರಣೆ ಇದೆ. ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ನಡೆಯಬೇಕೆನಿಸುತ್ತದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ವಯಸ್ಸಲ್ಲ.

ನನ್ನ ಮೊಮ್ಮಗಳು ಜಲಜಾಕ್ಷಿಗೆ ನಾಲ್ಕು ತಿಂಗಳ ಹೆಣ್ಣುಮಗು. ಮಗುವಿನ ತಂದೆ ಮಿನಿಕ್ ಇನ್ಯೂಟ್, ಈಗ ಮೀನಿಗೆ ಹೋಗಿದ್ದಾನೆ. ಅವನ ಅಜ್ಜಿ ಅರ್ನಾಕ್ ನನಗೆ ಬೀಗಿತ್ತಿಯ ಸಮಾನ, ಮೀನು ಕೊಯ್ಯುವ ಶೆಡ್ಡಿನಲ್ಲಿ ನಮ್ಮ ಹೆಂಗಸರ ಜೊತೆ ಕೂತು ಕನ್ನಡ ಕಲಿತವಳು. ಅವರಲ್ಲಿ ಇತ್ತೀಚೆಗೆ ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ. ಗಂಡು ಹೆಣ್ಣು ಎಂದು ನೋಡುವುದಿಲ್ಲ. ಹೆಸರಿನ ಜೊತೆಗೆ ಸತ್ತವರ ಸಂಬಂಧವೂ ಬರುತ್ತದೆ. ಈ ಮಗುವಿಗೆ ಅರ್ನಾಕಳ ಗಂಡ ಮಲಿಕನ ಹೆಸರು ಬಂತು. ಹಾಗಾಗಿ ಎಂಬತ್ತರ ಮುದುಕಿ ನಾಲ್ಕು ತಿಂಗಳ ಹೆಣ್ಣು ಕೂಸನ್ನು ಗಂಡ ಎಂದೇ ಕರೆಯುತ್ತಾಳೆ. "ಎಂತ ಗಂಡ, ಸತ್ತ್ ಬಂದ್ರೂ ಬುದ್ಧಿ ಬರ್ಲಿಲ್ಯಾ? ಮತ್ತೆ ನನ್ ಮೇಲೇ ಉಚ್ಚಿ ಹೊಯ್ತ್ಯಲ್ಲ!" ಎಂದು ಬೈದು ಕೆನ್ನೆಗೆ ಮೂಗು ತಾಗಿಸುತ್ತಾಳೆ.

ಮಗು ಇರುವುದು ಅಮಾತ್‌ನಲ್ಲಿ. ಅಮಾತ್ ಎಂದರೆ ಬೆನ್ನಿನ ಕಡೆ ಕೂಸು ಕೂರುವಷ್ಟು ದೊಡ್ಡ ಚೀಲವಿರುವ ತುಪ್ಪಳದ ಅಂಗಿ. ತಾಯಿ ಬಲೆ ಹೆಣೆಯಲಿ, ಒಲೆಯ ಮುಂದೆ ನಿಲ್ಲಲಿ, ಮಗು ಅವಳ ಬೆನ್ನಿನ ಬಿಸಿಯಲ್ಲಿರುತ್ತದೆ. ಕುಂಯ್ ಎಂದರೆ ಮುಂದಕ್ಕೆ ತಂದು ಹಾಲು ಕೊಡುವುದು, ಮತ್ತೆ ಬೆನ್ನಿಗೆ ದೂಡುವುದು. ದಿನಕ್ಕೆ ಎಷ್ಟು ಸಲ ಎಂದು ಯಾರೂ ಎಣಿಸುವುದಿಲ್ಲ.

ಈ ಎಣಿಸದ ಹಾಲಿನ ಮಹತ್ವ ಪುಸ್ತಕ ಓದಿದ ನನಗೆ ತಿಳಿದಿರಲಿಲ್ಲ. ಹೊಟ್ಟೆ ಖಾಲಿಯಾದಾಗ ನಿಮ್ಮ ದೇಹ ಕೂಡಿಟ್ಟ ಕೊಬ್ಬನ್ನು ಉರುವಲಾಗಿ ಸುಡುತ್ತದೆ. ಆ ಉರುವಲು ಒಲೆಗೆ ಹೋಗುವ ಬಾಗಿಲು ಇಲ್ಲಿಯ ಬಹಳ ಜನರಲ್ಲಿ ಹುಟ್ಟಿನಿಂದಲೇ ಬೇರೆ ಬಗೆಯದು, ನಿಧಾನವಾಗಿ ತೆರೆಯುವಂಥದು. ಸಾವಿರಾರು ವರ್ಷ ಸೀಲ್, ತಿಮಿಂಗಿಲ, ಮೀನುಗಳ ಕೊಬ್ಬನ್ನೇ ಉಂಡ ಜನರಲ್ಲಿ ಹೀಗೇಕಾಯಿತು ಎಂಬುದನ್ನು ನಮ್ಮ ಕಾಲದವರೂ ಪೂರ್ತಿ ಬಲ್ಲವರಲ್ಲ. ದೊಡ್ಡವರಿಗೆ ಅದರಿಂದ ತೊಂದರೆಯಿಲ್ಲ. ಆಗಾಗ ಹಾಲು ಕುಡಿಯುವ ಕೂಸಿಗೂ ಇಲ್ಲ. ಆದರೆ ಶೀತವಾಗಿರುವ ಕೂಸನ್ನು ಬಹಳ ಹೊತ್ತು ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಬದಲಿ ಉರುವಲು ಹೊತ್ತಿಗೆ ಬರುವುದಿಲ್ಲ.

ನಮ್ಮ ಕಾಲವನ್ನು ಆಳುವುದು ಏಕಪಟ್ಟಿ. ಮನುಷ್ಯನ ಎತ್ತರ, ತೂಕ, ಊಟ, ವಂಶವಾಹಿ ಎಲ್ಲ ಹೇಗಿರಬೇಕೆಂದು ಹೇಳುವ ಒಂದೇ ಪಟ್ಟಿ, ಭೂಮಿಗೆಲ್ಲ ಒಂದೇ. ಅದಕ್ಕೆ ಹೊಂದದ ಕೂಸುಗಳನ್ನು ತಿದ್ದುಮನೆಗೆ ಕರೆಸಿ ವಂಶವಾಹಿಯನ್ನು ಬದಲಿಸುತ್ತಾರೆ. ತಂದೆತಾಯಿ ಬೇಡ ಎನ್ನಬಹುದು, ಜೀವಕ್ಕೆ ಅಪಾಯ ಎಂದು ದಾಖಲಾದರೆ ಮಾತ್ರ ಹಾಗೆನ್ನುವಂತಿಲ್ಲ. ಮಲಿಕಳಿಗೂ ಕರೆ ಬಂತು, ಮೊದಲು ಉಪವಾಸದ ಪರೀಕ್ಷೆಗೆ.

"ಅಜ್ಜಿ, ನೀ ಓದ್ದೋಳ್. ನೀನೇ ಹೇಳ್, ಕರ್ಕಂಡ್ ಹೋಪ್ದಾ ಬ್ಯಾಡ್ದಾ?" ಎಂದು ಜಲಜಾಕ್ಷಿ ಕೇಳಿದಳು.

"ಬರೀ ಪರೀಕ್ಷೆ ಅಲ್ದಾ ಹೆಣೆ. ಎಂಟ್ ಗಂಟೆ ಹಾಲ್ ಕೊಡುಕಾಗ ಅಂಬ್ರ್, ಅಷ್ಟೇ. ಎಂತ ಆತಿಲ್ಲೆ" ಎಂದೆ ನಾನು.

ಅರ್ನಾಕ್ ಮೀನು ಕೊಯ್ಯುವ ಅರ್ಧಚಂದ್ರದ ಕತ್ತಿಯನ್ನು ಕೆಳಗಿಟ್ಟಳು. "ಅಕ್ಕಣಿ, ಹಸ್ದ ಮಗಿಗೆ ಗಡಿಯಾರ ತೋರ್ಸಿರೆ ಹೊಟ್ಟೆ ತುಂಬತ್ತಾ? ಶೀತ ಬೇರೆ ಆಯ್ತ್ ಅದಕ್ಕೆ."

"ನಿಯಮ ಮಾಡ್ದೋರಿಗೆ ಅಷ್ಟ್ ಗೊತ್ತಿಲ್ದೇ ಇರತ್ತಾ?" ಎಂದೆ. ನನ್ನ ಓದಿನ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಹನ್ನೆರಡು ದಿನದ ಹಿಂದೆ ಬೆಳಗ್ಗೆ ನಾನೇ ತಾಯಿ ಮಗುವನ್ನು ತಿದ್ದುಮನೆಗೆ ಕರೆದೊಯ್ದೆ. ಹಾಲಿನ ವಾಸನೆ ತಾಗಬಾರದೆಂದು ತಾಯಿಯನ್ನು ಹೊರಗೆ ಕೂರಿಸಿದ್ದರು. ಮಗು ಮೂರು ಗಂಟೆ ಅತ್ತಿತು. ಆಮೇಲೆ ಸುಮ್ಮನಾಯಿತು. ಒಗ್ಗಿಕೊಂಡಿತು ಎಂದು ನಾನು ಸಮಾಧಾನಪಟ್ಟುಕೊಂಡೆ. ಆರನೆಯ ಗಂಟೆಯಲ್ಲಿ ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಮೈ ತಣ್ಣಗೆ ಬೆವರಿತ್ತು. ನಾನು ಕೂಗಿದೆ. ಅಲ್ಲಿದ್ದ ಅಧಿಕಾರಿಣಿ ಚಿಕ್ಕ ವಯಸ್ಸಿನವಳು, ಕೆಟ್ಟವಳಲ್ಲ. "ಇನ್ನು ಎರಡು ಗಂಟೆ ಇದೆಯಲ್ಲ ಅಜ್ಜಿ, ನಿಯಮ ನಾನು ಮಾಡಿದ್ದಲ್ಲ" ಎನ್ನುತ್ತ ಪುಟ ತಿರುವುತ್ತಿದ್ದಳು. ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಅರ್ನಾಕ್ ಬಾಗಿಲು ದೂಡಿಕೊಂಡು ಬಂದಳು. ಯಾರನ್ನೂ ಕೇಳಲಿಲ್ಲ. ಮಗುವಿನ ಕೆನ್ನೆಯೊಳಗೆ ಸಕ್ಕರೆ ನೀರನ್ನು ಬೆರಳಿನಿಂದ ಸವರುತ್ತ, "ಏಳ್ ಗಂಡ, ಒಂದ್ಸಲ ಬಿಟ್ಟ್ ಹೋದ್ದ್ ಸಾಕ್, ಏಳ್" ಎನ್ನುತ್ತಿದ್ದಳು. ವೈದ್ಯರು ಸೂಜಿ ಹಿಡಿದು ಬರುವ ಹೊತ್ತಿಗೆ ಮಲಿಕ್ ಕಣ್ಣು ಬಿಟ್ಟಿದ್ದಳು.

ಈಗ ನನ್ನ ಸಿಟ್ಟಿಗೆ ಕಾರಣ ಕೇಳಿ. ಮರುದಿನ ದಾಖಲೆ ಬಂತು: "ಮಗುವಿಗೆ ಉಪವಾಸ ತಡೆಯುವ ಶಕ್ತಿಯಿಲ್ಲ. ರೋಗ ಸಾಬೀತಾಗಿದೆ. ತಿದ್ದುವುದು ಕಡ್ಡಾಯ. ಸಾಕ್ಷಿ: ಅಕ್ಕಣಿ." ಅಧಿಕಾರಿಣಿ ಕೇಳಿದಾಗ ಕಂಡದ್ದನ್ನು ಹೇಳಿ ನಾನು ಸಹಿ ಹಾಕಿದ್ದೆ. ತಿದ್ದುವ ಮೊದಲು ಮತ್ತೆ ಉಪವಾಸ, ಈ ಸಲ ಹತ್ತು ಗಂಟೆ. ರೋಗವನ್ನು ಸಾಬೀತು ಮಾಡಿದ ಉಪವಾಸವೇ ರೋಗವನ್ನು ತಂದದ್ದು ಎಂದರೆ ಯಾರೂ ಕಿವಿಗೊಡಲಿಲ್ಲ. ಜಲಜಾಕ್ಷಿ ಅಂದಿನಿಂದ ಮಗುವನ್ನು ನನ್ನ ಕೈಗೆ ಕೊಟ್ಟಿಲ್ಲ. ಕೇಳುವ ಮುಖ ನನಗೂ ಇಲ್ಲ.

ಹನ್ನೊಂದು ದಿನ ಕಾಗದದ ಮನೆಯಲ್ಲಿ ಕೂತು ಆ ಎಂಟು ಗಂಟೆ ಎಲ್ಲಿಂದ ಹುಟ್ಟಿತೆಂದು ಹುಡುಕಿದೆ. ಪಟ್ಟಿಯ ಹಿಂದೆ ಇನ್ನೊಂದು ಪಟ್ಟಿ, ಅದರ ಹಿಂದೆ ಮತ್ತೊಂದು, ಕೊನೆಗೆ ನಿಮ್ಮ ಕಾಲದ ಒಂದು ವರದಿ ಸಿಕ್ಕಿತು. ಬೆಚ್ಚಗಿನ ದೇಶಗಳ ಐದು ಆಸ್ಪತ್ರೆಗಳ ಕೂಸುಗಳನ್ನು ನೋಡಿ ಬರೆದದ್ದು. ಅದರ ಅಡಿಯಲ್ಲಿ ಸಣ್ಣ ಅಕ್ಷರದ ಸಾಲೊಂದಿತ್ತು: "ಉತ್ತರದ ತೀರದ ಮಕ್ಕಳು ಸಂಖ್ಯೆಯಲ್ಲಿ ಕಡಿಮೆ ಇದ್ದುದರಿಂದ ಕೈಬಿಡಲಾಗಿದೆ." ಮುಂದಿನವರು ವರದಿಯನ್ನು ನಕಲು ಮಾಡಿದರು, ಆ ಸಾಲನ್ನು ಮಾಡಲಿಲ್ಲ.

ನಿಮಗಿದು ಹೊಸ ಚಾಳಿಯೇನಲ್ಲ. ನಿಮ್ಮ ಹಿಂದಿನ ತಲೆಮಾರಿನವರು ಇಲ್ಲಿಗೆ ಬಂದು, ಇಷ್ಟು ಕೊಬ್ಬು ತಿಂದರೂ ಈ ಜನರ ಹೃದಯ ಗಟ್ಟಿಯಾಗಿದೆಯಲ್ಲ ಎಂದು ಬೆರಗಾದರು. ಆಮೇಲೆ ಲೋಕಕ್ಕೆಲ್ಲ ಮೀನೆಣ್ಣೆಯ ಗುಳಿಗೆ ನುಂಗಿಸಿದರು. ಆ ಎಣ್ಣೆ ಊಟದಲ್ಲೇ ಸಿಗುವುದರಿಂದ, ದೇಹದೊಳಗೆ ಅದನ್ನು ತಯಾರಿಸುವ ಕೆಲಸ ಈ ಜನರಲ್ಲಿ ವಂಶವಾಹಿಯಿಂದಲೇ ತಗ್ಗಿದೆ ಎಂದು ನಿಮ್ಮ ಕಾಲದಲ್ಲೇ ಕೆಲವರು ಕಂಡುಕೊಂಡರು. ಒಂದು ಊರಿನ ಮೈಗೆ ಒಪ್ಪಿದ್ದು ಇನ್ನೊಂದು ಊರಿನ ಮೈಗೆ ಒಪ್ಪಲೇಬೇಕೆಂದಿಲ್ಲ ಎಂದು ಅವರು ಬರೆದದ್ದನ್ನು ಎಷ್ಟು ಜನ ಓದಿದಿರಿ? ಇವರ ಊಟದಿಂದ ನಿಮಗೆ ಲಾಭವಿದ್ದಾಗ ಇವರು ಲೋಕಕ್ಕೆಲ್ಲ ಮಾದರಿಯಾದರು. ಇವರ ಕೂಸಿಗೆ ನಿಮ್ಮ ನಿಯಮ ಹಿಡಿಸದಿದ್ದಾಗ ಸಂಖ್ಯೆಯಲ್ಲಿ ಕಡಿಮೆಯಾದರು!

ನಿಮ್ಮಲ್ಲಿ ಒಂದೇ ಕೋರಿಕೆ. ಯಾರ ರಕ್ತವನ್ನಾದರೂ ಪರೀಕ್ಷಿಸಿ ಮನುಷ್ಯನೆಂದರೆ ಹೀಗೆ ಎಂದು ಬರೆಯುವ ಮೊದಲು, ಅದು ಯಾರ ರಕ್ತ, ಅವರು ಏನು ಉಂಡವರು, ಅವರ ತಾಯಂದಿರು ಕೂಸಿಗೆ ಹೇಗೆ ಹಾಲೂಡಿದವರು ಎಂದು ಬರೆಯಿರಿ. ಕೈಬಿಟ್ಟವರಿದ್ದರೆ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಮೊದಲ ಪುಟದಲ್ಲಿ ಬರೆಯಿರಿ. ನೀವು ಇಂದು ಕಡಿಮೆ ಎಂದು ಬಿಟ್ಟ ಕೂಸಿಗೆ ಇಲ್ಲಿ ಹೆಸರಿದೆ, ಕೆಳಗೆ ಎರಡು ಹಲ್ಲು ಮೂಡುತ್ತಿವೆ.

ಪತ್ರ ನಿಮ್ಮನ್ನು ತಲುಪಿದರೂ ನನ್ನ ಮಧ್ಯಾಹ್ನ ಬದಲಾಗುವುದೋ ಇಲ್ಲವೋ ತಿಳಿಯದು, ಕಾಯುತ್ತ ಕೂರಲಾರೆ. ಸಾಕ್ಷಿ ತನ್ನ ಮಾತನ್ನು ಹಿಂತೆಗೆದುಕೊಂಡರೆ ದಾಖಲೆ ಬಿದ್ದುಹೋಗುತ್ತದೆ, ತಾಯಿಗೆ ಬೇಡ ಎನ್ನುವ ಹಕ್ಕು ಮರಳಿ ಬರುತ್ತದೆ. ಆದರೆ ಕೂಸಿಗೆ ಕೇಡು ಮಾಡಿದ ಹೊಣೆ ಸಾಕ್ಷಿಯ ಮೇಲೆ ಬೀಳುತ್ತದೆ. ಕಾಗದದ ಮನೆಯ ಬೀಗದ ಕೈ ಕಸಿದುಕೊಳ್ಳಬಹುದು, ಊರಿನಿಂದಲೇ ಕಳಿಸಬಹುದು. ಅದನ್ನೆಲ್ಲ ಯೋಚಿಸಿಯಾಯಿತು. ವಿಚಾರಣೆಯಲ್ಲಿ ಹೇಳಬೇಕಾದ ಮಾತನ್ನು ಬೆಳಗ್ಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ನಲವತ್ತು ವರ್ಷ ಪಾಠ ಹೇಳಿದವಳಿಗೆ ಎರಡು ವಾಕ್ಯ ನಾಲಿಗೆಯ ಮೇಲೆ ನಿಲ್ಲುತ್ತಿಲ್ಲ. ಇಲ್ಲಿ ಬರೆದರೆ ನಿಂತೀತು:

ಮಗುವಿಗೆ ರೋಗವಿರಲಿಲ್ಲ. ನಾನು ಅವಳನ್ನು ಹಸಿವಿನಲ್ಲಿ ಇಟ್ಟಿದ್ದೆ.