ಸ್ಟಾಕ್ ಆರಿಸಲು ಬನ್ನಿ

ಟಾರ್ನೀಟ್, ಜೂನ್ ೨೦೧೬

ಭಾವನವರಿಗೆ ಗಗನಾಳ ನಮಸ್ಕಾರ.

ನಿಮ್ಮ ತಮ್ಮನ ಟಾರ್ಗೆಟ್ ರೈಫಲ್‌ನಲ್ಲಿ ಭುಜಕ್ಕೊತ್ತುವ ಮರದ ಸ್ಟಾಕ್ ಬಿರುಕು ಬಿಟ್ಟು, ರೈಫಲ್ ರಿಪೇರಿ ಅಂಗಡಿಯಲ್ಲಿದೆ. ಹೊಸದು ಯಾವುದು ಹಾಕಿಸೋಣ ಎಂದು ಇವರನ್ನು ಕೇಳಿದೆ. "ಯಾವ್ದಾದ್ರೂ ಸರಿ, ಬೇಗ ಬರ್ಲಿ" ಅಂದರು. ಕೆನ್ನೆ ತಾಗುವ ಜಾಗ ಕೂದಲೆಳೆಯಷ್ಟು ಎತ್ತರವಾದರೂ ವಾರಗಟ್ಟಲೆ ಉಜ್ಜುತ್ತಿದ್ದವರು ಇವರು. ಕೆಲಸ ಹೋದಮೇಲೆ ಊಟ, ನಿದ್ದೆ ಸರಿಯಿಲ್ಲ; ಈ ಸಲ ಶೂಟಿಂಗ್ ಸ್ಪರ್ಧೆಗೂ ಹೆಸರು ಕೊಟ್ಟಿಲ್ಲ. ನನಗೆ ಭಯವಾಗಿ, ನಾನು ಹೇಳುವವರೆಗೆ ರೈಫಲ್ ಕೊಡಬೇಡಿ ಎಂದು ಅಂಗಡಿಯವರನ್ನು ಕೇಳಿಕೊಂಡೆ. ಒಪ್ಪಿದ್ದಾರೆ. ಸೋಮವಾರ ಡಾಕ್ಟರ ಬಳಿ ಹೋಗುತ್ತೇವೆ.

ನೀವು ಸಿಡ್ನಿಯಿಂದ ಬನ್ನಿ. ಸ್ಟಾಕ್ ಆರಿಸಲು ಬಂದೆ ಎನ್ನಿ. ಇವರಿಗೆ ಹಿಡಿಸದ್ದನ್ನೇ ಬೇಕೆಂದೇ ಹೊಗಳಿ. ಇವರು ನಿಮ್ಮೊಡನೆ ಜಗಳಕ್ಕೆ ಬಿದ್ದರೆ ನನಗೆ ಧೈರ್ಯ ಬರುತ್ತದೆ.

ದಾರಿ ನೋಡುತ್ತಿರುವ,
ಗಗನಾ